ವಾಹನ ರಿಪೇರಿ ತರಬೇತಿ ಪಠ್ಯ ಬರೆಯುವ ವೃತ್ತಿ: ಕೋಲಾರದಿಂದ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

2020ರ ಏಪ್ರಿಲ್ 1ರಂದು ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರದ ಸಣ್ಣ ಗ್ಯಾರೇಜುಗಳ ಕೆಲಸವೂ ಬದಲಾಗಿದೆ. ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿ, ಕಿವಿಗೊಟ್ಟು ಟ್ಯೂನಿಂಗ್ ಮಾಡುತ್ತಿದ್ದವರ ಮುಂದೆ ಈಗ ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಬೈಕು ಬಂದು ನಿಲ್ಲುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಮಂಡಿಯಿಂದ ಟೊಮೆಟೊ ಹೊತ್ತು ಹೋಗುವ ಡೀಸೆಲ್ ಪಿಕಪ್‌ನಲ್ಲಿ ಕಾಮನ್ ರೈಲ್ ಎಂಬ ಅಧಿಕ ಒತ್ತಡದ ಇಂಧನ ವ್ಯವಸ್ಥೆ ಇದೆ, ಹೆದ್ದಾರಿಯ ದೊಡ್ಡ ಲಾರಿಯಲ್ಲಿ ಹೊಗೆ ಶುದ್ಧಗೊಳಿಸುವ ಯೂರಿಯಾ ದ್ರಾವಣದ ಟ್ಯಾಂಕಿದೆ. ಇವನ್ನೆಲ್ಲ ಕಲಿಸಲು ಪಠ್ಯ ಬೇಕು. ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ಆ ಕೆಲಸಕ್ಕೆ ಸಾಲದು, ಏಕೆಂದರೆ ಅದನ್ನು ಬರೆದಿರುವುದು ಆಗಲೇ ಕೆಲಸ ಬಲ್ಲವರಿಗೆ.

ಮ್ಯಾನ್ಯುಯಲ್ ಯಾವ ಭಾಗವನ್ನು ಹೇಗೆ ಬಿಚ್ಚಬೇಕು ಎಂಬಲ್ಲಿಂದ ಶುರುವಾಗುತ್ತದೆ. ತರಬೇತಿ ಪಠ್ಯ ಶುರುವಾಗಬೇಕಾದದ್ದು ಕಲಿಯುವವರ ಕೈ ಎಲ್ಲಿ ತಪ್ಪುತ್ತದೆ ಎಂಬಲ್ಲಿಂದ. ಇದನ್ನು ಹಿಡಿದುಕೊಂಡವರಿಗೆ ಈ ವೃತ್ತಿ ದಕ್ಕುತ್ತದೆ, ಇಲ್ಲದವರು ಮ್ಯಾನ್ಯುಯಲ್‌ನ ಅನುವಾದದಲ್ಲೇ ಉಳಿದುಬಿಡುತ್ತಾರೆ.

ಯಾರಿಗೆ ಒಗ್ಗುತ್ತದೆ

ಎರಡು ದಾರಿಯಿಂದ ಜನ ಬರುತ್ತಾರೆ. ಒಂದು, ಐಟಿಐ ಅಥವಾ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಸರ್ವಿಸ್ ಸೆಂಟರ್‌ನಲ್ಲಿ ದುಡಿದು, ಬೆನ್ನುನೋವಿಗೋ ಆಸಕ್ತಿಗೋ ಬರವಣಿಗೆಯತ್ತ ಹೊರಳಿದವರು. ಇನ್ನೊಂದು, ಬರವಣಿಗೆ, ಡಿಟಿಪಿ ಅಥವಾ ಅನುವಾದ ಗೊತ್ತಿದ್ದು ವಾಹನದ ಗಂಧ ಅಷ್ಟಾಗಿ ಇಲ್ಲದವರು. ಮೊದಲನೆಯವರಿಗೆ ವಾಕ್ಯ ಕಟ್ಟಲು ಕಲಿಸುವುದು ಸುಲಭ. ಎರಡನೆಯವರು ಕನಿಷ್ಠ ಆರು ತಿಂಗಳು ವಾರಕ್ಕೆ ಎರಡು ದಿನವಾದರೂ ಗ್ಯಾರೇಜಿನಲ್ಲಿ ನಿಲ್ಲದಿದ್ದರೆ ಬರೆದದ್ದು ನಂಬಿಕೆ ಹುಟ್ಟಿಸುವುದಿಲ್ಲ. ಬೋಲ್ಟು ಬಿಚ್ಚುವ ಮೊದಲು ಸ್ಪ್ಯಾನರ್ ಒಳಗೆ ಹೋಗಲು ಜಾಗವಿದೆಯೇ ಎಂಬುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಕೆಲಸ ಗೊತ್ತಿದ್ದು ಪ್ರಮಾಣಪತ್ರ ಇಲ್ಲದವರು ಪೂರ್ವ ಕಲಿಕೆಯ ಮಾನ್ಯತೆ ಯೋಜನೆಯಡಿ ಪರೀಕ್ಷೆ ಕಟ್ಟಬಹುದು. ಆರ್‌ಪಿಎಲ್ ಎಂದೇ ಅದು ಪರಿಚಿತ. ಪಠ್ಯ ಬರೆಸುವ ಸಂಸ್ಥೆಗಳು ಕೇಳುವ ಮೊದಲ ಪ್ರಶ್ನೆ ನಿಮ್ಮ ಟ್ರೇಡ್ ಯಾವುದು ಎಂಬುದೇ ಆಗಿರುವುದರಿಂದ ಆ ಕಾಗದಕ್ಕೆ ಬೆಲೆಯಿದೆ.

ಹಂತ 1: ಯಾವ ಬಗೆಯ ಪಠ್ಯ ಎಂದು ಆರಿಸಿಕೊಳ್ಳಿ

ಸರ್ಕಾರಿ ಚೌಕಟ್ಟಿನ ಪಠ್ಯ ಒಂದು ಬಗೆ. ಐಟಿಐಗಳಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎರಡು ವರ್ಷದ ಟ್ರೇಡ್, ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ್ದು. ಇವುಗಳ ಥಿಯರಿ ಮತ್ತು ಪ್ರಾಕ್ಟಿಕಲ್ ಪುಸ್ತಕಗಳನ್ನು ಸಿದ್ಧಪಡಿಸುವುದು ಚೆನ್ನೈನಲ್ಲಿ 1986ರಿಂದ ಇರುವ ನಿಮಿ (ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ). ಅಲ್ಪಾವಧಿ ಕೋರ್ಸುಗಳ ಮಾನದಂಡಗಳನ್ನು ರೂಪಿಸುವುದು 2011ರಲ್ಲಿ ಆರಂಭವಾದ ಆಟೊಮೊಟಿವ್ ಸ್ಕಿಲ್ಸ್ ಡೆವಲಪ್‌ಮೆಂಟ್ ಕೌನ್ಸಿಲ್. ಈ ಎರಡೂ ಕಡೆಯ ಸಿಲೆಬಸ್ ಅಂತರ್ಜಾಲದಲ್ಲಿ ಉಚಿತ. ನೀವು ಆರಿಸಿದ ಟ್ರೇಡಿನ ಸಿಲೆಬಸ್ಸನ್ನು ಮೊದಲಿಂದ ಕೊನೆಯವರೆಗೆ ಓದದೆ ಒಂದು ಪುಟವನ್ನೂ ಬರೆಯಬೇಡಿ. ಪ್ರತಿ ಪಾಠ ಅಲ್ಲಿನ ಯಾವ ಅಂಶಕ್ಕೆ ತಾಳೆಯಾಗುತ್ತದೆ ಎಂದು ತೋರಿಸಲಾಗದಿದ್ದರೆ ತರಬೇತಿ ಕೇಂದ್ರಗಳು ಅದನ್ನು ಕೊಳ್ಳುವುದಿಲ್ಲ.

ಎರಡನೆಯದು ಕಂಪನಿ ಮತ್ತು ಡೀಲರ್‌ಗಳ ಒಳ ತರಬೇತಿ: ಹೊಸ ಮಾಡೆಲ್ ಬಂದಾಗಿನ ಸ್ಲೈಡು, ವರ್ಕ್‌ಬುಕ್, ವಿಡಿಯೊ ಸ್ಕ್ರಿಪ್ಟು, ಆನ್‌ಲೈನ್ ಪರೀಕ್ಷೆ. ಇದರ ಬಹುಪಾಲು ಬೆಂಗಳೂರಿನ ಎಂಜಿನಿಯರಿಂಗ್ ಸೇವಾ ಕಂಪನಿಗಳು ಮತ್ತು ಇ-ಲರ್ನಿಂಗ್ ಸಂಸ್ಥೆಗಳ ಮೂಲಕ ಹೊರಗುತ್ತಿಗೆಗೆ ಬರುತ್ತದೆ. ಇಂಗ್ಲಿಷ್ ಬೇಕೇ ಬೇಕು.

ಮೂರನೆಯದು ಕಾರ್ಖಾನೆ. ನರಸಾಪುರದಲ್ಲಿ 2013ರಿಂದ ಹೋಂಡಾದ ದ್ವಿಚಕ್ರ ವಾಹನ ಘಟಕವಿದೆ. ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲೂ ಕಾರ್ಖಾನೆಗಳು ಸಾಕಷ್ಟಿವೆ. ಇಂಥ ಕಡೆ ಬೇಕಾಗುವುದು ರಿಪೇರಿ ಪಾಠವಲ್ಲ, ಜೋಡಣೆ ಕೆಲಸದ ಎಸ್‌ಒಪಿ (ಕೆಲಸದ ನಿಗದಿತ ಹಂತಗಳ ಪಟ್ಟಿ) ಮತ್ತು ಒಂದು ಪುಟದ ಒನ್ ಪಾಯಿಂಟ್ ಲೆಸನ್. ರಿಪೇರಿ ಪಠ್ಯಕ್ಕೆ ಇದು ಒಳ್ಳೆಯ ಗರಡಿ. ಒಂದೇ ಪುಟದಲ್ಲಿ ಒಂದೇ ವಿಷಯ, ಎಡಕ್ಕೆ ತಪ್ಪು, ಬಲಕ್ಕೆ ಸರಿ, ಕೆಳಗೆ ಕಾರಣ.

ನಾಲ್ಕನೆಯದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಆದರೆ ಊರಿನಲ್ಲೇ ಕೂತು ಮಾಡಬಹುದಾದ್ದು ಅದೇ: ಗ್ಯಾರೇಜ್ ಗೋಡೆಗೆ ಅಂಟಿಸುವ ಜಾಬ್ ಕಾರ್ಡು, ಬಿಡಿಭಾಗ ಮಾರುವವರು ಮೆಕ್ಯಾನಿಕ್‌ಗಳಿಗೆ ಕೊಡುವ ಕರಪತ್ರ, ಎರಡು ನಿಮಿಷದ ವಿಡಿಯೊಗೆ ಕನ್ನಡ ಅಥವಾ ತೆಲುಗು ನಿರೂಪಣೆ.

ಹಂತ 2: ಮೊದಲ ಮಾದರಿ ಪಾಠ

ಮಾದರಿ ಇಲ್ಲದೆ ಯಾರೂ ಕೆಲಸ ಕೊಡುವುದಿಲ್ಲ. ಮೂರು ಪಾಠ ಸಾಕು: ಒಂದು ಬಿಚ್ಚಿ ಜೋಡಿಸುವ ಕೆಲಸ, ಒಂದು ಅಳತೆ ಮಾಡುವ ಕೆಲಸ, ಒಂದು ದೋಷ ಪತ್ತೆಯ ಕೆಲಸ. ಬಿಚ್ಚಿ ಜೋಡಿಸುವುದನ್ನು ಎಲ್ಲರೂ ಬರೆಯುತ್ತಾರೆ. ನಿಮ್ಮನ್ನು ಗುರುತಿಸುವಂತೆ ಮಾಡುವುದು ದೋಷ ಪತ್ತೆಯ ಪಾಠ. ಹಾಗಾಗಿ ಅಂಥದೊಂದನ್ನು ಇಲ್ಲಿ ಪೂರ್ತಿ ಬಿಡಿಸೋಣ.

ದೂರು: ಸೆಲ್ಫ್ ಒತ್ತಿದರೆ ಎಂಜಿನ್ ಎಳೆದೆಳೆದು ತಿರುಗುತ್ತದೆ. ಬ್ಯಾಟರಿ ಹೊಸದು. ಸಾಮಾನ್ಯ ಪುಸ್ತಕದಲ್ಲಿ ಸಿಗುವ ಸಾಲು: "ಅರ್ತ್ ಸಂಪರ್ಕ ಸರಿಯಿದೆಯೇ ಪರೀಕ್ಷಿಸಿ." ಇದನ್ನು ಓದಿದ ಹುಡುಗ ಅರ್ತ್ ವೈರನ್ನು (ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿ, ಎಂಜಿನ್‌ಗೆ ಹೋಗುವುದು) ಕೈಯಲ್ಲಿ ಅಲ್ಲಾಡಿಸಿ, ಗಟ್ಟಿಯಾಗಿದೆ ಎಂದು ಮುಂದೆ ಹೋಗುತ್ತಾನೆ. ಸ್ವಲ್ಪ ಬಲ್ಲವನಾದರೆ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಬೀಪ್ ಕೇಳಿಸಿಕೊಳ್ಳುತ್ತಾನೆ. ಎರಡೂ ದಾರಿ ತಪ್ಪಿಸುತ್ತವೆ. ಓಮ್ ಪರೀಕ್ಷೆಯಲ್ಲಿ ಮೀಟರ್ ಹರಿಸುವ ಕರೆಂಟ್ ತೀರಾ ಸಣ್ಣದು, ಕೇಬಲ್‌ನಲ್ಲಿ ನಾಲ್ಕೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಕಾರಿನ ಸೆಲ್ಫ್ ಮೋಟಾರ್ (ಎಂಜಿನ್ ತಿರುಗಿಸಿ ಶುರು ಮಾಡುವ ಮೋಟಾರ್) 150 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ. ಕೇಬಲ್ ಸೇರುವ ಕೀಲಿನಲ್ಲಿ 0.01 ಓಮ್ ತಡೆ ಇದ್ದರೂ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಗ್ಯಾರೇಜಿನ ಸಾಧಾರಣ ಮೀಟರಿನ ಲೀಡುಗಳ ತಡೆಯೇ ಇದರ ಹತ್ತು ಪಟ್ಟು ಇರುವುದರಿಂದ ಓಮ್‌ನಲ್ಲಿ ಈ ದೋಷ ಕಾಣಿಸುವುದೇ ಇಲ್ಲ. ಕಲಿಯುವವರಿಗೆ ಹೇಳಬೇಕಾದ ಕಾರಣ ಇಷ್ಟೇ, ಆದರೆ ಇದನ್ನು ಹೇಳದೆ ಹಂತಗಳನ್ನು ಕೊಟ್ಟರೆ ಅವರು ಮತ್ತೆ ಬೀಪ್‌ಗೇ ಮರಳುತ್ತಾರೆ.

ಪಾಠದ ಒಡಲು ಹೀಗಿರಲಿ:

ಎಚ್ಚರಿಕೆ: ಕೆಂಪು ಲೀಡ್ 10 ಆಂಪಿಯರ್ ರಂಧ್ರದಲ್ಲಿಲ್ಲ, ವೋಲ್ಟ್ ರಂಧ್ರದಲ್ಲಿದೆ ಎಂದು ಮೊದಲು ನೋಡಿ. ಆಂಪಿಯರ್ ರಂಧ್ರದಲ್ಲಿದ್ದು ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್ ಆಗುತ್ತದೆ.

1. ಗೇರ್ ನ್ಯೂಟ್ರಲ್‌ಗೆ ತನ್ನಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಬೆಲ್ಟು, ಫ್ಯಾನಿನ ಬಳಿ ಕೈ, ವೈರು ಇಲ್ಲದಂತೆ ನೋಡಿಕೊಳ್ಳಿ.

2. ಬ್ಯಾಟರಿಯ ಎರಡು ಪೋಸ್ಟ್‌ಗಳ ನಡುವೆ ವೋಲ್ಟೇಜ್ ಅಳೆಯಿರಿ. 12.4 ವೋಲ್ಟ್‌ಗಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ತೋರಿಸುತ್ತದೆ.

3. ಪೆಟ್ರೋಲ್ ಕಾರಿನಲ್ಲಿ ಫ್ಯೂಯಲ್ ಪಂಪ್ ಫ್ಯೂಸ್ ತೆಗೆಯಿರಿ. ಒಮ್ಮೆ ಸ್ಟಾರ್ಟ್ ಮಾಡಿ ಎಂಜಿನ್ ತಾನಾಗಿ ಆಫ್ ಆಗಲು ಬಿಡಿ. ಪೈಪಿನಲ್ಲಿ ಉಳಿದ ಒತ್ತಡದಿಂದ ಎಂಜಿನ್ ಕೆಲವು ಸೆಕೆಂಡ್ ಓಡಬಹುದು.

4. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಲೀಡನ್ನು ಬ್ಯಾಟರಿಯ ನೆಗೆಟಿವ್ ಪೋಸ್ಟಿಗೇ ಒತ್ತಿ ಹಿಡಿಯಿರಿ. ಪೋಸ್ಟನ್ನು ಹಿಡಿದಿರುವ ಕೇಬಲ್ ಕ್ಲ್ಯಾಂಪಿಗೆ ಬೇಡ.

5. ಕೆಂಪು ಲೀಡನ್ನು ಸೆಲ್ಫ್ ಮೋಟಾರಿನ ಬಾಡಿಯಲ್ಲಿ ಪೇಂಟ್, ಎಣ್ಣೆ ಇಲ್ಲದ ಜಾಗಕ್ಕೆ ಒತ್ತಿ.

6. ಸಹಾಯಕರಿಗೆ 5 ಸೆಕೆಂಡ್ ಕ್ರ್ಯಾಂಕ್ ಮಾಡಲು (ಸೆಲ್ಫ್ ಒತ್ತಿ ಎಂಜಿನ್ ತಿರುಗಿಸಲು) ಹೇಳಿ. ಎಂಜಿನ್ ತಿರುಗುತ್ತಿರುವಾಗಲೇ ಅಂಕಿ ಓದಿ. ಮತ್ತೆ ಕ್ರ್ಯಾಂಕ್ ಮಾಡುವ ಮೊದಲು ಅರ್ಧ ನಿಮಿಷ ಬಿಡಿ.

7. 0.2 ವೋಲ್ಟ್ ಅಥವಾ ಕಡಿಮೆ ಇದ್ದರೆ ನೆಗೆಟಿವ್ ಬದಿ ಸರಿಯಿದೆ. ಹೆಚ್ಚಿದ್ದರೆ ಕಪ್ಪು ಲೀಡ್ ಅಲ್ಲೇ ಇರಲಿ, ಕೆಂಪು ಲೀಡನ್ನು ಕ್ರಮವಾಗಿ ಕ್ಲ್ಯಾಂಪ್, ಬಾಡಿಗೆ ಹಾಕಿದ ಬೋಲ್ಟು, ಎಂಜಿನ್ ಬ್ಲಾಕ್ ಎಂದು ಸರಿಸುತ್ತ ಪ್ರತಿ ಸಲ ಕ್ರ್ಯಾಂಕ್ ಮಾಡಿ ಓದಿ. ಅಂಕಿ ಎಲ್ಲಿ ದಿಢೀರನೆ ಏರುತ್ತದೆಯೋ ದೋಷ ಆ ಎರಡು ಬಿಂದುಗಳ ನಡುವೆ ಇದೆ.

ಮಾದರಿ ಓದು: ಕ್ಲ್ಯಾಂಪ್ 0.05, ಬಾಡಿ ಬೋಲ್ಟು 0.08, ಎಂಜಿನ್ ಬ್ಲಾಕ್ 0.9. ಬಾಡಿಯಿಂದ ಎಂಜಿನ್‌ಗೆ ಬರುವ ಅರ್ತ್ ಪಟ್ಟಿ ಕೆಟ್ಟಿದೆ.

ಪಾಠ ಇಲ್ಲಿಗೆ ಮುಗಿಯಬಾರದು. ಇದಾದ ಮೇಲೆ ಬರುವ ಅರ್ಧ ಪುಟಕ್ಕೇ ನಿಮಗೆ ದುಡ್ಡು ಸಿಗುವುದು: ಕೈ ಎಲ್ಲಿ ತಪ್ಪುತ್ತದೆ, ಏಕೆ. ಕಪ್ಪು ಲೀಡನ್ನು ಪೋಸ್ಟಿನ ಬದಲು ಕ್ಲ್ಯಾಂಪಿಗೆ ಹಿಡಿದರೆ ಪೋಸ್ಟು ಮತ್ತು ಕ್ಲ್ಯಾಂಪ್ ನಡುವಿನ ಬಿಳಿ ಪುಡಿಯ ದೋಷ ಅಳತೆಯಿಂದಲೇ ಹೊರಗುಳಿಯುತ್ತದೆ. ಕ್ರ್ಯಾಂಕ್ ನಿಲ್ಲಿಸಿದ ಮೇಲೆ ಓದಿದರೆ ಎಲ್ಲ ಕಡೆಯೂ ಸೊನ್ನೆ, ಏಕೆಂದರೆ ಕರೆಂಟ್ ಹರಿಯದೆ ವೋಲ್ಟೇಜ್ ಡ್ರಾಪ್ ಇರುವುದಿಲ್ಲ. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸ ಮಾಡಿ ವಾಪಸ್ ಬಂದ ವಾಹನದಲ್ಲಿ ಅರ್ತ್ ಪಟ್ಟಿಯ ಬೋಲ್ಟನ್ನು ಬಿಗಿ ಮಾಡದೆ ಬಿಟ್ಟಿರುತ್ತಾರೆ. ಪೇಂಟ್ ಕೆಲಸವಾದ ಗಾಡಿಯಲ್ಲಿ ಪಟ್ಟಿ ಪೇಂಟಿನ ಮೇಲೇ ಕೂತಿರುತ್ತದೆ. ಅರ್ತ್ ಪೂರ್ತಿ ಕೆಟ್ಟಿದ್ದರೆ ಕರೆಂಟು ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಬಿಸಿಯಾಗಿ ಹೊಗೆ ಬರುವುದೂ ಉಂಟು. ಹೊಗೆ ಕಂಡವರು ಕೇಬಲ್ ಬದಲಿಸಿ ಕಳುಹಿಸುತ್ತಾರೆ, ಗಾಡಿ ಮತ್ತೆ ಬರುತ್ತದೆ.

ವಾಹನದ ಮ್ಯಾನ್ಯುಯಲ್‌ನಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದೇ ಕೊನೆಯ ಮಾತು ಎಂಬ ಸಾಲು ಪ್ರತಿ ಅಳತೆಯ ಪಾಠದಲ್ಲೂ ಇರಲೇಬೇಕು.

ಹಂತ 3: ವಾಕ್ಯದ ಅಳತೆ

ಒಂದು ಹಂತಕ್ಕೆ ಒಂದೇ ಕ್ರಿಯೆ. ವಿಮಾನ ಉದ್ಯಮದಿಂದ ಬಂದ ಸರಳೀಕೃತ ತಾಂತ್ರಿಕ ಇಂಗ್ಲಿಷ್ ನಿಯಮದಲ್ಲಿ ಸೂಚನಾ ವಾಕ್ಯಕ್ಕೆ 20 ಪದಗಳ ಮಿತಿ ಇದೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವುದರಿಂದ 10ರಿಂದ 12 ಪದಕ್ಕೆ ನಿಲ್ಲಿಸಿ. ಕ್ರಿಯಾಪದ ಕೊನೆಗೆ ಬರುವ ಭಾಷೆ ನಮ್ಮದು. ವಾಕ್ಯ ಉದ್ದವಾದಷ್ಟೂ ತೆಗೆಯಬೇಕೋ ಹಾಕಬೇಕೋ ಎಂಬುದು ಕೊನೆಯವರೆಗೆ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಕೈ ಕೆಲಸ ಶುರು ಮಾಡಿರುತ್ತದೆ. ಆದ್ದರಿಂದ ಷರತ್ತು ಮೊದಲು, ಕ್ರಿಯೆ ಆಮೇಲೆ, ಎಚ್ಚರಿಕೆ ಎಲ್ಲಕ್ಕಿಂತ ಮೊದಲು. "ರೇಡಿಯೇಟರ್ ಮುಚ್ಚಳ ತೆಗೆಯಿರಿ, ಎಂಜಿನ್ ತಣ್ಣಗಾಗಿರಬೇಕು" ಎಂದು ಬರೆದ ಸಾಲಿಗೆ ಕೈ ಸುಟ್ಟುಕೊಂಡವರು ಹೊಣೆಯಲ್ಲ.

"ಚೆನ್ನಾಗಿ ಬಿಗಿ ಮಾಡಿ", "ಸಾಕಷ್ಟು ಗ್ರೀಸ್ ಹಾಕಿ" ಎಂಬ ಮಾತುಗಳಿಗೆ ಪಠ್ಯದಲ್ಲಿ ಜಾಗವಿಲ್ಲ. ಅಂಕಿ ಕೊಡಿ, ಮಾನ ಕೊಡಿ. ಬೋಲ್ಟು ಬಿಗಿಯ ಅಂಕಿಯಲ್ಲಿ ಮಾನದ ಗೊಂದಲ ನಿಜವಾದ ಅಪಾಯ. ಹಳೆಯ ಮ್ಯಾನ್ಯುಯಲ್‌ಗಳು ಕೆಜಿ-ಮೀಟರ್‌ನಲ್ಲಿವೆ, ಹೊಸವು ನ್ಯೂಟನ್ ಮೀಟರ್‌ನಲ್ಲಿ, ಅಂಗಡಿಯಲ್ಲಿ ಸಿಗುವ ಕೆಲವು ಟಾರ್ಕ್ ರೆಂಚುಗಳು ಪೌಂಡ್-ಅಡಿಯಲ್ಲಿ. 10 ಕೆಜಿ-ಮೀಟರ್ ಎಂದರೆ 98 ನ್ಯೂಟನ್ ಮೀಟರ್. ಪೌಂಡ್-ಅಡಿಯ ಗೀಟಿನಲ್ಲಿ 100 ಇಟ್ಟರೆ ನಿಜವಾಗಿ ಬೀಳುವುದು ಸುಮಾರು 136 ನ್ಯೂಟನ್ ಮೀಟರ್. ಅಲ್ಯೂಮಿನಿಯಂ ಹೆಡ್ಡಿನ ತ್ರೆಡ್ ಕಿತ್ತುಹೋಗಲು ಅಷ್ಟು ಸಾಕು. ಒಂದು ಪಠ್ಯದಲ್ಲಿ ಒಂದೇ ಮಾನ ಬಳಸಿ, ಪರಿವರ್ತನೆಯ ಪಟ್ಟಿಯನ್ನು ಕೊನೆಯ ಪುಟದಲ್ಲಿ ಹಾಕಿ.

ಅಂಕಿಯ ಜೊತೆ ಮಾಡೆಲ್, ವರ್ಷ, ಎಂಜಿನ್ ಬಗೆ ಇರಬೇಕು. ಒಂದೇ ಹೆಸರಿನ ಕಾರಿನ ಪೆಟ್ರೋಲ್ ಮತ್ತು ಡೀಸೆಲ್ ಆವೃತ್ತಿಗಳಿಗೆ ಒಂದೇ ಟಾರ್ಕ್ ಬರೆದ ಪಠ್ಯ ಎರಡನ್ನೂ ಕೆಡಿಸುತ್ತದೆ.

ಹಂತ 4: ಶಾಪಿನ ಮಾತು

ಆಲ್ಟರ್ನೇಟರನ್ನು ಗ್ಯಾರೇಜಿನಲ್ಲಿ ಡೈನಮೊ ಎನ್ನುತ್ತಾರೆ, ಸ್ಟಾರ್ಟರ್ ಮೋಟಾರನ್ನು ಸೆಲ್ಫ್ ಎನ್ನುತ್ತಾರೆ, ಬ್ಲೀಡಿಂಗ್‌ಗೆ ಏರ್ ತೆಗೆಯೋದು ಎನ್ನುತ್ತಾರೆ. ಪರೀಕ್ಷೆಯಲ್ಲಿ, ಬಿಡಿಭಾಗದ ಬಿಲ್ಲಿನಲ್ಲಿ, ಸ್ಕ್ಯಾನರ್ ಪರದೆಯಲ್ಲಿ ಬರುವುದು ಕಂಪನಿಯ ಹೆಸರು. ಮೊದಲ ಸಲ ಎರಡನ್ನೂ ಕೊಡಿ, ಅಲ್ಲಿಂದ ಮುಂದೆ ಕಂಪನಿಯ ಹೆಸರನ್ನೇ ಕನ್ನಡ ಲಿಪಿಯಲ್ಲಿ ಬಳಸಿ. ವಿದ್ಯುತ್ಕೋಶ, ಪ್ರಚೋದಕ ಎಂದು ನಿಘಂಟಿನಿಂದ ತೆಗೆದು ಹಾಕಿದರೆ ಓದುವವರು ಪುಸ್ತಕ ಮುಚ್ಚುತ್ತಾರೆ. ಕೆಲಸ ಶುರುವಾದ ಮೊದಲ ದಿನವೇ ಪದಪಟ್ಟಿಯೊಂದನ್ನು ಎಕ್ಸೆಲ್‌ನಲ್ಲಿ ಮಾಡಿಕೊಳ್ಳಿ: ಕಂಪನಿಯ ಹೆಸರು, ಶಾಪಿನ ಹೆಸರು, ಬಳಸಬಾರದ ಹೆಸರು. ಇನ್ನೂರು ಪದ ತಲುಪುವ ಹೊತ್ತಿಗೆ ಅದೇ ಒಂದು ಆಸ್ತಿ.

ಕೋಲಾರ ಜಿಲ್ಲೆಯಲ್ಲಿ ಇನ್ನೊಂದು ಮಾತಿದೆ. ಗ್ಯಾರೇಜಿನಲ್ಲಿ ಕನ್ನಡದಷ್ಟೇ ತೆಲುಗು, ಉರ್ದು ಕೇಳಿಸುತ್ತವೆ, ಕೆಜಿಎಫ್‌ನಲ್ಲಿ ತಮಿಳು. ಆದ್ದರಿಂದ ಚಿತ್ರದ ಮೇಲೆ ಅಕ್ಷರ ಬರೆಯಬೇಡಿ. 1, 2, 3 ಎಂದು ಅಂಕಿ ಹಾಕಿ, ವಿವರವನ್ನು ಕೆಳಗಿನ ಪಟ್ಟಿಯಲ್ಲಿ ಕೊಡಿ. ಅದೇ ಚಿತ್ರ ನಾಲ್ಕು ಭಾಷೆಗೆ ನಡೆಯುತ್ತದೆ, ಪಟ್ಟಿ ಮಾತ್ರ ಬದಲಾಗುತ್ತದೆ. ಬೇರೆ ಭಾಷೆಯ ಆವೃತ್ತಿಗೆ ಪ್ರತ್ಯೇಕ ದರ ಕೇಳುವ ಹಕ್ಕೂ ನಿಮ್ಮದಾಗುತ್ತದೆ.

ಹಂತ 5: ಚಿತ್ರ ಮತ್ತು ಪುಟ

ಒಳ್ಳೆಯ ಫೋನು, ಒಂದು ಟ್ರೈಪಾಡ್, ಎರಡು ಎಲ್‌ಇಡಿ ದೀಪ ಸಾಕು. ಭಾಗವನ್ನು ಒರೆಸಿ ತೆಗೆಯಿರಿ. ಆದರೆ ದೋಷದ ಚಿತ್ರವಾದರೆ ಒರೆಸಬೇಡಿ. ಪ್ರತಿ ಚಿತ್ರ ಕೆಲಸ ಮಾಡುವವರ ಕಣ್ಣಿನ ಕೋನದಿಂದ ಇರಲಿ. ಎದುರಿಂದ ತೆಗೆದರೆ ಎಡ ಬಲ ಅದಲುಬದಲಾಗಿ ಬೋಲ್ಟು ತಪ್ಪು ದಿಕ್ಕಿಗೆ ತಿರುಗುತ್ತದೆ. ಮೊದಲು ದೂರದಿಂದ ಒಂದು, ಆಮೇಲೆ ಹತ್ತಿರದಿಂದ ಒಂದು. ಬರೀ ಹತ್ತಿರದ ಚಿತ್ರ ಕೊಟ್ಟರೆ ಭಾಗ ಎಂಜಿನ್‌ನ ಯಾವ ಮೂಲೆಯಲ್ಲಿದೆ ಎಂದು ಹುಡುಕುವುದರಲ್ಲೇ ತರಗತಿ ಮುಗಿಯುತ್ತದೆ. ಗಾಡಿಯ ನಂಬರ್ ಪ್ಲೇಟು, ಚಾಸಿ ನಂಬರು ಕಾಣದಂತೆ ಮುಚ್ಚಿ.

ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್, ಪುಟಕ್ಕೆ ಲಿಬ್ರೆ ಆಫೀಸ್, ಎರಡೂ ಉಚಿತ. ಕನ್ನಡ ಪಠ್ಯವನ್ನು ಯುನಿಕೋಡ್‌ನಲ್ಲೇ ಬರೆಯಿರಿ. ಕೋಲಾರದ ಹಲವು ಪ್ರೆಸ್‌ಗಳಲ್ಲಿ ಈಗಲೂ ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಕೆಲಸ ನಡೆಯುತ್ತದೆ. ಅಲ್ಲಿ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ, ಅಂಕಿಗಳ ನಡುವಿನ ಚುಕ್ಕಿಯೂ ಕೆಲವೊಮ್ಮೆ ಹಾರಿಹೋಗುತ್ತದೆ. 0.2 ವೋಲ್ಟ್ 02 ಆದರೆ ಪಾಠವೇ ಸುಳ್ಳು. ಮುದ್ರಣಕ್ಕೆ ಪಿಡಿಎಫ್ ಕೊಡಿ, ಪ್ರೂಫ್ ಬಂದಾಗ ಅಕ್ಷರಕ್ಕಿಂತ ಮೊದಲು ಅಂಕಿ ಓದಿ. ಇನ್‌ಡಿಸೈನ್ ಬಳಸುವವರು ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡದಿದ್ದರೆ ಒತ್ತುಗಳು ಒಡೆದು ನಿಲ್ಲುತ್ತವೆ.

ಗೋಡೆ ಕಾರ್ಡು ಎ4 ಅಳತೆಯಲ್ಲಿ, ಲ್ಯಾಮಿನೇಟ್ ಮಾಡಿದ್ದು, ಅಕ್ಷರ 18 ಪಾಯಿಂಟ್‌ಗೆ ಕಡಿಮೆ ಇಲ್ಲದಂತೆ. ಗ್ರೀಸ್ ಕೈಯಲ್ಲಿ ಪುಟ ತಿರುಗಿಸುವವರು ಯಾರೂ ಇಲ್ಲ, ಒಂದು ಕೆಲಸ ಒಂದೇ ಮುಖದಲ್ಲಿ ಮುಗಿಯಬೇಕು. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಫೋಟೊ ಆಗಿ ಕಳುಹಿಸಿದರೆ ಸಣ್ಣ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿ.

ಹಂತ 6: ಊರಿನ ವಾಹನ, ಊರಿನ ದೋಷ

ದೇಶಕ್ಕೆಲ್ಲ ಒಂದೇ ಎಂದು ಬರೆದ ಪುಸ್ತಕಕ್ಕೆ ಸ್ಥಳೀಯ ಪೂರಕ ಪುಟ ಸೇರಿಸುವುದರಲ್ಲಿ ನಿಮ್ಮ ಮೇಲುಗೈ ಇದೆ. ಕೋಲಾರದಲ್ಲಿ ಮೊದಲು ಬರೆಯಬೇಕಾದದ್ದು ನೀರು. ಆಳದ ಬೋರ್‌ವೆಲ್‌ನ ಗಡಸು ನೀರನ್ನೇ ರೇಡಿಯೇಟರಿಗೆ ಸುರಿಯುವ ಅಭ್ಯಾಸ ಎಲ್ಲ ಕಡೆ ಇದೆ. ಕ್ಯಾಲ್ಸಿಯಂ ಪದರ ಟ್ಯೂಬುಗಳ ಒಳಗೆ ಕೂರುತ್ತದೆ, ಥರ್ಮೋಸ್ಟಾಟ್ ಕಚ್ಚಿಕೊಳ್ಳುತ್ತದೆ. ಪೂರ್ತಿ ಲೋಡ್ ಹೊತ್ತು ಏರು ಹತ್ತುವಾಗ ಎಂಜಿನ್ ಕಾದು ಬಿಸಿಯಾಗುತ್ತದೆ, ಖಾಲಿ ಓಡಿಸಿದರೆ ಕಾಯುವುದಿಲ್ಲ. ಹೀಗಾಗಿ ಮೆಕ್ಯಾನಿಕ್ ಟೆಸ್ಟ್ ಡ್ರೈವ್ ಮಾಡಿ ಏನೂ ಇಲ್ಲ ಎಂದು ಕಳುಹಿಸುತ್ತಾರೆ. ಪಾಠದಲ್ಲಿ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಎಂಬ ಪ್ರಮಾಣದ ಜೊತೆಗೆ, ಆಗಲೇ ಬೆರೆಸಿ ಮಾರುವ ಕೂಲಂಟಿಗೆ ಮತ್ತೆ ನೀರು ಬೆರೆಸಬಾರದು ಎಂಬುದನ್ನೂ ಹೇಳಿ. ಆ ತಪ್ಪು ತುಂಬಾ ಸಾಮಾನ್ಯ.

ಬ್ರೇಕ್ ಆಯಿಲ್ ಇನ್ನೊಂದು. ಪಕ್ಕದ ನಂದಿ ಬೆಟ್ಟ ಇಳಿದು ಬಂದ ಗಾಡಿಗಳಲ್ಲಿ ಪೆಡಲ್ ಮೆತ್ತಗಾದ ದೂರು ಬರುತ್ತದೆ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಮೆತ್ತಗಾಗುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯಲ್ಲಿ ಕುದಿಯಬೇಕು, ತೇವ ಹೀರಿದ ಮೇಲೆ ಆ ಮಾನದಂಡ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಇಳಿಜಾರಿನಲ್ಲಿ ಪೆಡಲ್ ಹೋಗಿ, ತಣ್ಣಗಾದ ಮೇಲೆ ಮತ್ತೆ ಗಟ್ಟಿಯಾದರೆ ಮಾಸ್ಟರ್ ಸಿಲಿಂಡರನ್ನು ದೂರುವ ಮೊದಲು ಆಯಿಲ್ ಎಷ್ಟು ಹಳೆಯದು ಎಂದು ಕೇಳಬೇಕು. ಈ ನಾಲ್ಕು ಅಂಕಿಗಳಿಂದ ಒಂದು ಒಳ್ಳೆಯ ಪಾಠ ಕಟ್ಟಬಹುದು.

ಎಲೆಕ್ಟ್ರಿಕ್ ವಾಹನದ ಪಾಠಕ್ಕೆ ಬೇಡಿಕೆ ಇದೆ, ಆದರೆ ಹೈ ವೋಲ್ಟೇಜ್ ತರಬೇತಿ ಪಡೆಯದೆ ಅದರ ಹಂತಗಳನ್ನು ಬರೆಯಬೇಡಿ. 60 ವೋಲ್ಟ್ ಡಿಸಿ ಮೀರಿದ್ದನ್ನು ಅಪಾಯಕಾರಿ ಎಂದೇ ಎಣಿಸುತ್ತಾರೆ. ಸರ್ವಿಸ್ ಪ್ಲಗ್ (ಬ್ಯಾಟರಿಯ ಸಂಪರ್ಕ ಕಡಿಯುವ ಪ್ಲಗ್) ತೆಗೆದ ಮೇಲೂ ಕೆಪಾಸಿಟರ್‌ಗಳು ಖಾಲಿಯಾಗಲು ಕಂಪನಿ ಹೇಳಿದಷ್ಟು ನಿಮಿಷ ಕಾಯಬೇಕು, ಆಮೇಲೆ ಮೀಟರಿನಲ್ಲಿ ಸೊನ್ನೆ ಕಂಡುಕೊಂಡೇ ಕೈ ಹಾಕಬೇಕು. ಇಲ್ಲಿ ಒಂದು ಹಂತ ಬಿಟ್ಟುಹೋದರೆ ಅದು ಅಚ್ಚಿನ ತಪ್ಪು ಎನ್ನಿಸಿಕೊಳ್ಳುವುದಿಲ್ಲ.

ಹಂತ 7: ಬಾಯಿ ಮುಚ್ಚಿಕೊಂಡು ಪರೀಕ್ಷಿಸಿ

ಕರಡು ಮುಗಿದ ಮೇಲೆ ಆ ಕೆಲಸ ಮಾಡಿರದ ಮೂವರನ್ನು ಹುಡುಕಿ. ಐಟಿಐ ಎರಡನೇ ವರ್ಷದವರು ಸೂಕ್ತ. ಪಠ್ಯ, ಉಪಕರಣ, ವಾಹನ ಕೊಟ್ಟು ಪಕ್ಕದಲ್ಲಿ ನಿಲ್ಲಿ. ಅಪಾಯ ಇದ್ದರೆ ಮಾತ್ರ ಮಾತಾಡಿ. ಎಲ್ಲಿ ನಿಂತರು, ಯಾವ ಸಾಲನ್ನು ಎರಡು ಸಲ ಓದಿದರು, ಯಾವ ಉಪಕರಣ ಹುಡುಕಿಕೊಂಡು ಹೋದರು ಎಂದು ಗುರುತು ಹಾಕಿಕೊಳ್ಳಿ. ಇಬ್ಬರು ಒಂದೇ ಕಡೆ ನಿಂತರೆ ತಪ್ಪು ಪಠ್ಯದ್ದು. ಅರ್ಥವಾಯಿತಾ ಎಂದು ಕೇಳಬೇಡಿ, ಆಯಿತು ಸಾರ್ ಎನ್ನುತ್ತಾರೆ.

ಪ್ರಶ್ನೆಗಳನ್ನೂ ಈ ಟಿಪ್ಪಣಿಯಿಂದಲೇ ಮಾಡಿ. ತಪ್ಪು ಆಯ್ಕೆಗಳು ಅವರು ನಿಜವಾಗಿ ಮಾಡಿದ ತಪ್ಪುಗಳಾಗಿರಲಿ. ಉದಾಹರಣೆಗೆ: ಕ್ರ್ಯಾಂಕ್ ಮಾಡುವಾಗ ಬ್ಯಾಟರಿ ಪೋಸ್ಟ್‌ಗಳಲ್ಲಿ 11.2 ವೋಲ್ಟ್, ಸೆಲ್ಫ್ ಟರ್ಮಿನಲ್ ಮತ್ತು ಅದರ ಬಾಡಿಯ ನಡುವೆ 9.4, ಪಾಸಿಟಿವ್ ಬದಿಯ ಡ್ರಾಪ್ 0.3. ಮುಂದೇನು ಮಾಡುತ್ತೀರಿ? ಬ್ಯಾಟರಿ ಬದಲಿಸುವುದು, ಸೆಲ್ಫ್ ಬಿಚ್ಚುವುದು, ಅರ್ತ್ ಹಾದಿ ನೋಡುವುದು, ಪಾಸಿಟಿವ್ ಕೇಬಲ್ ಬದಲಿಸುವುದು. ಒಟ್ಟು 1.8 ವೋಲ್ಟ್ ಕಳೆದುಹೋಗಿದೆ, ಅದರಲ್ಲಿ 1.5 ನೆಗೆಟಿವ್ ಬದಿಯಲ್ಲಿ. ಲೆಕ್ಕ ಮಾಡದೆ ಉತ್ತರ ಸಿಗದಂಥ ಪ್ರಶ್ನೆ ಇದು.

ಹಂತ 8: ಹಕ್ಕು, ದರ, ಗಿರಾಕಿ

ಮ್ಯಾನ್ಯುಯಲ್‌ನ ಚಿತ್ರ, ವಾಕ್ಯ ನಕಲು ಮಾಡುವಂತಿಲ್ಲ. ಅದರಲ್ಲಿನ ಅಳತೆಯನ್ನು ನಿಮ್ಮ ಮಾತಿನಲ್ಲಿ ಹೇಳಿ, ಯಾವ ಆವೃತ್ತಿಯಿಂದ ಎಂದು ನಮೂದಿಸಿ, ಚಿತ್ರ ನೀವೇ ತೆಗೆಯಿರಿ. ನೌಕರಿಯಲ್ಲಿದ್ದು ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಮಾಲೀಕರದು. ಹೊರಗಿನಿಂದ ಬರೆದುಕೊಡುವವರು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ತಿಳಿದಿರಬೇಕು: ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದು ಭಾವಿಸಲಾಗುತ್ತದೆ. ಗಿರಾಕಿ ಶಾಶ್ವತ ಹಕ್ಕು ಕೇಳಿದರೆ ಕೊಡಬಹುದು, ಆದರೆ ದರ ಅದಕ್ಕೆ ತಕ್ಕಂತಿರಲಿ. ಪದಪಟ್ಟಿ ಮತ್ತು ಮೂಲ ಚಿತ್ರಗಳನ್ನು ಒಪ್ಪಂದದಿಂದ ಹೊರಗಿಡಿ.

ಪುಟಕ್ಕೆ ಇಷ್ಟು ಎಂಬ ದರ ಈ ಕೆಲಸಕ್ಕೆ ಹೊಂದುವುದಿಲ್ಲ. ಮೇಲಿನ ಅರ್ತ್ ಪಾಠ ಎರಡೇ ಪುಟ. ಆದರೆ ಅದಕ್ಕೆ ವಾಹನ ಹುಡುಕಬೇಕು, ದೋಷ ಕೃತಕವಾಗಿ ಹುಟ್ಟಿಸಬೇಕು, ಚಿತ್ರ ತೆಗೆಯಬೇಕು, ಮೂವರಿಂದ ಮಾಡಿಸಬೇಕು. ಮೊದಲ ಮೂರು ಪಾಠಗಳಿಗೆ ಹಿಡಿದ ಗಂಟೆಗಳನ್ನು ಬರೆದಿಟ್ಟುಕೊಂಡು ಪಾಠಕ್ಕೆ ಇಷ್ಟು ಎಂದು ದರ ಕಟ್ಟಿ. ಗ್ಯಾರೇಜ್ ಬಾಡಿಗೆ, ಸಹಾಯಕರ ಕೂಲಿ ಬೇರೆ ಸಾಲಿನಲ್ಲಿ ಇರಲಿ. ಮುಂಗಡ 30, ಕರಡಿಗೆ 40, ಅಂತಿಮ ಪ್ರತಿಗೆ 30 ಪ್ರತಿಶತ ಎಂಬ ಹಂಚಿಕೆ ಇಬ್ಬರಿಗೂ ನ್ಯಾಯ. ತಿದ್ದುಪಡಿ ಎರಡು ಸುತ್ತು, ಆಮೇಲಿನದಕ್ಕೆ ಗಂಟೆಯ ಲೆಕ್ಕ. ಒಪ್ಪಿಗೆ ಕೊಡುವ ವ್ಯಕ್ತಿ ಒಬ್ಬರೇ ಇರಲಿ. ಸರ್ವಿಸ್ ಮ್ಯಾನೇಜರ್ ಒಂದು ಹೇಳಿ ಟ್ರೇನರ್ ಇನ್ನೊಂದು ಹೇಳಿದರೆ ಸುತ್ತುಗಳು ಮುಗಿಯುವುದೇ ಇಲ್ಲ.

ಗಿರಾಕಿ ಹುಡುಕಲು ಊರಿನಿಂದಲೇ ಶುರು ಮಾಡಿ. ಐಟಿಐನ ಟ್ರೇನಿಂಗ್ ಆಫೀಸರ್, ಡೀಲರ್‌ನ ಸರ್ವಿಸ್ ಮ್ಯಾನೇಜರ್, ಬಿಡಿಭಾಗದ ಸಗಟು ವ್ಯಾಪಾರಿ ಈ ಮೂವರಿಗೆ ಮುದ್ರಿಸಿದ ಮಾದರಿ ಕೊಡಿ. ಲಿಂಕ್ ಕಳುಹಿಸಿದರೆ ಓದುವುದಿಲ್ಲ. ಬೆಂಗಳೂರು 70 ಕಿಲೋಮೀಟರ್ ಒಳಗೆ ಇರುವುದರಿಂದ ಹೊರಗುತ್ತಿಗೆ ಸಂಸ್ಥೆಗಳನ್ನು ಬೆಳಿಗ್ಗೆ ಹೋಗಿ ನೋಡಿ ಸಂಜೆಗೆ ಮರಳಬಹುದು. ಅಲ್ಲಿ ನಿಮ್ಮ ಬೆಲೆ ಹೆಚ್ಚುವುದು ಒಂದೇ ಮಾತಿನಿಂದ: ಇದನ್ನು ಮೂವರು ಕಲಿಕಾರ್ಥಿಗಳ ಕೈಯಲ್ಲಿ ಮಾಡಿಸಿ ನೋಡಿದ್ದೇನೆ.

ಹಂತ 9: ಒಪ್ಪಿಸಿದ ಮೇಲೆ

ಪ್ರತಿ ಪುಟದ ಅಡಿಯಲ್ಲಿ ಆವೃತ್ತಿ ಸಂಖ್ಯೆ, ತಿಂಗಳು, ಯಾವ ಮ್ಯಾನ್ಯುಯಲ್‌ಗೆ ತಾಳೆ ನೋಡಿದ್ದು ಎಂಬುದು ಇರಲಿ. ಕಂಪನಿಗಳು ಸರ್ವಿಸ್ ಬುಲೆಟಿನ್ ಮೂಲಕ ಟಾರ್ಕ್, ಆಯಿಲ್ ದರ್ಜೆ, ಪ್ರಮಾಣಗಳನ್ನು ಸದ್ದಿಲ್ಲದೆ ಬದಲಿಸುತ್ತವೆ. ಹಳೆಯ ಕಾರ್ಡು ಗೋಡೆಯ ಮೇಲೆ ಹಾಗೇ ಇರುತ್ತದೆ. ವರ್ಷಕ್ಕೊಮ್ಮೆ ಪರಿಷ್ಕರಣೆ ಎಂಬ ಸಾಲನ್ನು ಒಪ್ಪಂದದಲ್ಲೇ ಸೇರಿಸಿ, ಅದಕ್ಕೆ ಪ್ರತ್ಯೇಕ ಮೊತ್ತ ಬರೆಸಿಕೊಳ್ಳಿ. ಹೊಸ ಕಾರ್ಡು ಕೊಡಲು ಹೋದಾಗ ಹಳೆಯದನ್ನು ನೀವೇ ಕಿತ್ತು ತನ್ನಿ. ಹಿಂದೆ ಬಿಟ್ಟರೆ ಎರಡೂ ಪಕ್ಕಪಕ್ಕದಲ್ಲಿ ನೇತಾಡುತ್ತವೆ, ಯಾವ ಅಂಕಿ ಸರಿ ಎಂದು ಕೇಳಲು ಫೋನು ನಿಮಗೇ ಬರುತ್ತದೆ.